ರಾಯಚೂರಿನ ಯುದ್ಧ, ಯೆರೂಸಲೇಮಿನ ಸಮಾಧಿ: ಯೇಸು ಎದ್ದು ಬಂದರು ಅನ್ನೋದಕ್ಕೆ ಸಾಕ್ಷಿ ಎಷ್ಟಿದೆ?

ರಾಯಚೂರು ಕೋಟೆಯನ್ನು ಕೃಷ್ಣದೇವರಾಯ 1520ರಲ್ಲಿ ಬಿಜಾಪುರದವರಿಂದ ಗೆದ್ದುಕೊಂಡ. ಶಾಲೆಯಲ್ಲೇ ಓದಿದ ವಿಷಯ, ಯಾರೂ ಅನುಮಾನ ಪಡುವುದಿಲ್ಲ. ಆದರೆ ಇದು ನಮಗೆ ಹೇಗೆ ಗೊತ್ತು ಅಂತ ಕೇಳಿ ನೋಡಿ. ಉತ್ತರ ಅಷ್ಟು ಸಲೀಸಾಗಿಲ್ಲ.

ಯುದ್ಧದ ವಿವರಗಳಲ್ಲಿ ಜಾಸ್ತಿ ಪಾಲು ಬಂದಿದ್ದು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ. ಆತ ಬರೆದಿದ್ದು ಯುದ್ಧ ಮುಗಿದು ಸುಮಾರು 15 ವರ್ಷಕ್ಕೆ. ಇಸವಿಯನ್ನು 1522 ಅಂತ ಹಾಕಿದ್ದಾನೆ. ಆತನೇ ಕೊಟ್ಟ ವಾರವನ್ನೂ ಅಮಾವಾಸ್ಯೆಯನ್ನೂ ತಾಳೆ ನೋಡಿ ಇತಿಹಾಸಕಾರ ರಾಬರ್ಟ್ ಸಿವೆಲ್ ಅದನ್ನು 1520ರ ಮೇ 19ಕ್ಕೆ ತಂದರು. ರಾಯನ ಕಾಲಾಳುಗಳೇ 7 ಲಕ್ಷ ದಾಟಿದ್ದರು ಅನ್ನುತ್ತಾನೆ ನೂನಿಜ್. ಅದನ್ನು ಹಾಗೇ ನಂಬುವವರು ಕಡಿಮೆ. ಇನ್ನೊಂದು ಕಡೆ ಫೆರಿಷ್ತಾ ಇದ್ದಾನೆ. ಆತ ಬಿಜಾಪುರದ ಆಸ್ಥಾನದವನು, ಯುದ್ಧ ಮುಗಿದು 80 ವರ್ಷ ಕಳೆದ ಮೇಲೆ ಬರೆದವನು. ಇಸ್ಮಾಯಿಲ್ ಆದಿಲ್ ಷಾ ಕುಡಿದ ಅಮಲಿನಲ್ಲಿ ಕೃಷ್ಣಾ ನದಿ ದಾಟಲು ಹೊರಟಿದ್ದೇ ಸೋಲಿಗೆ ಕಾರಣ ಅಂತ ಆತನ ಕತೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಆದರೂ ಯುದ್ಧ ನಡೆದಿದ್ದು ನಿಜ, ಬಿಜಾಪುರ ಸೋತಿದ್ದು ನಿಜ ಅಂತ ನಾವು ಗಟ್ಟಿಯಾಗಿ ಹೇಳುತ್ತೇವೆ. ಯಾಕೆ? ಸೋತ ಪಕ್ಷದವನೂ ಸೋಲನ್ನು ಒಪ್ಪಿದ್ದಾನೆ. ವಿವರ ಬೇರೆಯಾದರೂ ತಿರುಳು ಒಂದೇ ಇದೆ. ಬರೆದ ಕಾಲ ತೀರ ದೂರದ್ದಲ್ಲ.

ಇದೇ ಅಳತೆಗೋಲು ಹಿಡಿದು ಕ್ರೈಸ್ತರ ನಡುಗಂಬದಂಥ ನಂಬಿಕೆಯನ್ನು ನೋಡಬಹುದಾ? ಶಿಲುಬೆಯ ಮೇಲೆ ಸತ್ತ ಯೇಸು ಮೂರನೇ ದಿನ ಎದ್ದು ಬಂದರು ಅನ್ನೋದು ಆ ನಂಬಿಕೆ. ಮುದಗಲ್ಲಿನ ಕ್ಯಾಥೊಲಿಕರು ಆದಿಲ್ ಷಾಹಿ ಕಾಲದಿಂದ, ಬಳ್ಳಾರಿಯ ಪ್ರೊಟೆಸ್ಟೆಂಟರು ಕಂಪನಿ ಕಾಲದಿಂದ ಇದನ್ನೇ ಈಸ್ಟರ್ ದಿನ ಆಚರಿಸುತ್ತಾ ಬಂದಿದ್ದಾರೆ. ಅಳೆಯುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. ಕ್ರಿಸ್ತ ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಅಂತ, ಕ್ರೈಸ್ತ ಧರ್ಮವನ್ನು ಮೊದಮೊದಲು ಸಾರಿದವರಲ್ಲಿ ಒಬ್ಬನಾದ ಪೌಲನೇ ಬರೆದಿದ್ದಾನೆ. ಒಂದು ಊರಲ್ಲಿ, ಒಂದು ಕಾಲದಲ್ಲಿ ನಡೆದ ಘಟನೆ ಅಂತ ಹೇಳಿಕೊಂಡ ಮೇಲೆ ಇತಿಹಾಸದ ಪ್ರಶ್ನೆಗೆ ಬಾಗಿಲು ತೆರೆದ ಹಾಗೇ ಅಲ್ವಾ?

ಜಗಳವಿಲ್ಲದ ನೆಲ

ಮೊದಲು ಸುಲಭದ್ದು. ಯೇಸು ಎಂಬ ವ್ಯಕ್ತಿ ಇದ್ದರು, ರೋಮನ್ ಅಧಿಪತಿ ಪೊಂತ್ಯ ಪಿಲಾತನ ಆಳ್ವಿಕೆಯಲ್ಲಿ ಶಿಲುಬೆಗೆ ಏರಿದರು. ಸುಮಾರು ಕ್ರಿ.ಶ. 30 ಅಥವಾ 33. ಇದನ್ನು ನಾಸ್ತಿಕ ಇತಿಹಾಸಕಾರರೂ ಒಪ್ಪುತ್ತಾರೆ. ರೋಮಿನ ಟ್ಯಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಆತನೂ ಸುಮಾರು 116ರಲ್ಲಿ ಇದನ್ನು ಬರೆದ. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಶಿಲುಬೆ ಅಂದರೆ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಅವಮಾನದ ಸಾವು. ತಮ್ಮ ಗುರುವಿಗೆ ಅಂಥ ಸಾವನ್ನು ಯಾರೂ ಸುಮ್ನೆ ಕಟ್ಟುವುದಿಲ್ಲ.

ಯಹೂದಿ ಇತಿಹಾಸಕಾರ ಜೋಸೆಫಸ್ ಸುಮಾರು 93ರಲ್ಲಿ ಬರೆದ ಪುಸ್ತಕದಲ್ಲೂ ಯೇಸುವಿನ ಮೇಲೆ ಕೆಲವು ಸಾಲುಗಳಿವೆ. ಮೂರನೇ ದಿನ ಜೀವಂತವಾಗಿ ಕಾಣಿಸಿಕೊಂಡರು ಎಂಬ ಮಾತೂ ಅದರಲ್ಲಿದೆ. ಚರ್ಚಿನ ಭಾಷಣಗಳಲ್ಲಿ ಇದನ್ನು ದೊಡ್ಡ ಸಾಕ್ಷಿ ಮಾಡಿ ಹೇಳುವವರಿದ್ದಾರೆ. ದಯವಿಟ್ಟು ಬಿಟ್ಟುಬಿಡಿ. ಕ್ರೈಸ್ತನಲ್ಲದ ಜೋಸೆಫಸ್ ಹಾಗೆ ಬರೆಯುವುದು ಕಷ್ಟ. ನಕಲು ಮಾಡಿದ ಕ್ರೈಸ್ತರು ನಡುವೆ ಸೇರಿಸಿದ್ದಾರೆ ಅಂತ ಬಹುತೇಕ ವಿದ್ವಾಂಸರು ಹೇಳುತ್ತಾರೆ.

ಮುಸ್ಲಿಂ ಗೆಳೆಯರು ಇಲ್ಲಿ ತಡೆಯಬಹುದು. ಯೇಸುವನ್ನು ಅವರು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ ಅಂತ ಕುರಾನ್ ಹೇಳುತ್ತದೆ. ಅದು ದೇವರ ವಾಣಿ ಎಂದು ನಂಬಿ ಒಪ್ಪುವ ಮಾತು. ಇತಿಹಾಸದ ಲೆಕ್ಕದಲ್ಲಿ ಮಾತ್ರ ಆರು ಶತಮಾನದ ನಂತರದ ಗ್ರಂಥಕ್ಕಿಂತ ಮೊದಲ ಶತಮಾನದ ಬರಹಕ್ಕೇ ತೂಕ ಜಾಸ್ತಿ.

ಹಾಗಾದರೆ ಶಾಸನ ಯಾಕಿಲ್ಲ? ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಕೆತ್ತಿದೆ, ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಆತನ ಶಾಸನಗಳಿವೆ. ಅಂಥದ್ದು ಯೇಸುವಿಗೆ ಒಂದೂ ಇಲ್ಲ. ನಿಜ. ಆದರೆ ಬಂಡೆ ಕೆತ್ತಿಸುವುದು ರಾಜರ ಕೆಲಸ. ಗಲಿಲಾಯದ ಒಬ್ಬ ಬಡಗಿಯ ಹೆಸರನ್ನು ಯಾವ ರಾಜ ಕೆತ್ತಿಸಬೇಕಿತ್ತು? ಇಲ್ಲದಿರುವುದರಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ.

ಪೌಲನ ಕಾಗದ

ಎಲ್ಲರೂ ಖಾಲಿ ಸಮಾಧಿಯಿಂದ, ಅಂದರೆ ಯೇಸುವಿನ ಸಮಾಧಿ ಬರಿದಾಗಿದ್ದನ್ನು ಹೆಂಗಸರು ಕಂಡರು ಎಂಬ ಕತೆಯಿಂದ ಶುರು ಮಾಡುತ್ತಾರೆ. ನಾನು ಪೌಲನಿಂದ ಶುರು ಮಾಡುತ್ತೇನೆ. ಇಡೀ ವಾದದಲ್ಲಿ ಗಟ್ಟಿ ಕಾಲು ಅಂದರೆ ಅದೇ.

ಪೌಲ ಕೊರಿಂಥದವರಿಗೆ ಮೊದಲ ಪತ್ರಿಕೆ ಬರೆದಿದ್ದು ಸುಮಾರು 53ರಿಂದ 55ರ ನಡುವೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಿವೆಯಲ್ಲ, ಆ ಸುವಾರ್ತೆಗಳಿಗಿಂತ ಇದು ಹಳೆಯದು. ಪೌಲನೇ ಬರೆದಿದ್ದು ಅನ್ನೋದರಲ್ಲಿ ವಿದ್ವಾಂಸರಿಗೆ ಜಗಳವಿಲ್ಲ. ಅದರ 15ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಕ್ರಿಸ್ತ ಸತ್ತರು, ಹೂಣಲ್ಪಟ್ಟರು, ಮೂರನೇ ದಿನ ಎದ್ದರು. ಆಮೇಲೆ ಕೇಫನಿಗೆ, ಅಂದರೆ ಶಿಷ್ಯರಲ್ಲಿ ಮುಖ್ಯನಾದ ಪೇತ್ರನಿಗೆ, ಕಾಣಿಸಿದರು. ನಂತರ ಹನ್ನೆರಡು ಮಂದಿ ಶಿಷ್ಯರಿಗೆ. ಆಮೇಲೆ ಒಂದೇ ಸಲ 500ಕ್ಕಿಂತ ಹೆಚ್ಚು ಜನಕ್ಕೆ, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ. ಮುಂದೆ ಯಾಕೋಬನಿಗೆ, ಎಲ್ಲ ಅಪೊಸ್ತಲರಿಗೆ (ಯೇಸುವಿನ ಸಂದೇಶ ಸಾರಲು ಹೊರಟವರಿಗೆ), ಕೊನೆಗೆ ನನಗೆ ಅನ್ನುತ್ತಾನೆ ಪೌಲ.

ಈ ಪಟ್ಟಿ ಪೌಲ ಕೂತು ಮಾಡಿದ್ದಲ್ಲ. ತನಗೆ ಬಂದಿದ್ದನ್ನೇ ಕೊರಿಂಥದವರಿಗೆ ದಾಟಿಸಿದೆ ಅನ್ನುತ್ತಾನೆ. ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿ ಬರುವ ಮಾತಿನ ಧಾಟಿ ಅದು. ಯಾವಾಗ ಬಂತು? ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಸುಳಿವಿದೆ. ಮನಸ್ಸು ತಿರುಗಿ ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡೆ ಅಂತ ಬರೆಯುತ್ತಾನೆ. ಇದರಲ್ಲಿ ಸುಳ್ಳಿಲ್ಲ, ದೇವರೇ ಸಾಕ್ಷಿ ಅಂತಲೂ ಸೇರಿಸುತ್ತಾನೆ. ಆ ಭೇಟಿ ಹೆಚ್ಚುಕಡಿಮೆ 35ರಿಂದ 38ರ ಒಳಗೆ ಬೀಳುತ್ತದೆ. ಅಂದರೆ ಶಿಲುಬೆಗೂ ಈ ಪಟ್ಟಿಗೂ ಕೆಲವೇ ವರ್ಷದ ಅಂತರ. ನೂನಿಜ್ ತೆಗೆದುಕೊಂಡ 15 ವರ್ಷಕ್ಕಿಂತಲೂ ಕಡಿಮೆ. ದಂತಕತೆ ನಿಧಾನಕ್ಕೆ ಬೆಳೆದು ಶತಮಾನದ ಮೇಲೆ ಯೇಸುವನ್ನು ಎಬ್ಬಿಸಿತು ಎಂಬ ಹಳೆಯ ವಾದ ಇಲ್ಲಿ ಮುರಿದು ಬೀಳುತ್ತದೆ. ನಂಬಿಕೆ ಬಿಟ್ಟ ಜರ್ಮನ್ ವಿದ್ವಾಂಸ ಗೆರ್ಡ್ ಲ್ಯೂಡೆಮನ್ ಕೂಡ, ಪೇತ್ರನಿಗೂ ಶಿಷ್ಯರಿಗೂ ಯೇಸುವನ್ನು ಕಂಡಂಥ ಅನುಭವ ಆಗಿದ್ದು ಖಚಿತ ಅಂತಲೇ ಒಪ್ಪಿದ್ದರು. ಅದು ಮನಸ್ಸಿನ ಒಳಗಿನ ದರ್ಶನ ಅನ್ನೋದು ಅವರ ತೀರ್ಮಾನ.

ಪೌಲ ಸ್ವತಃ ಕ್ರೈಸ್ತರನ್ನು ಹಿಂಸಿಸುತ್ತಿದ್ದವನು. ಯಾಕೋಬ, ಅಣ್ಣ ಬದುಕಿದ್ದಾಗ ಆತನನ್ನು ನಂಬದ ಮನೆಮಂದಿಯಲ್ಲಿ ಒಬ್ಬ. ಸುವಾರ್ತೆಗಳೇ ಇದನ್ನು ಮುಚ್ಚಿಡದೆ ಹೇಳುತ್ತವೆ. ಇಬ್ಬರೂ ಪಕ್ಷ ಬದಲಿಸಿದರು. ಇದಕ್ಕೆ ಏನೋ ಒಂದು ಕಾರಣ ಬೇಕೇ ಬೇಕು.

ಈಗ ಅದೇ ಕಾಗದದ ದುರ್ಬಲ ಜಾಗಗಳು. 500 ಜನ ಎಲ್ಲಿ ನೋಡಿದರು? ಯಾವ ಊರು? ಒಂದು ಹೆಸರೂ ಇಲ್ಲ. ಸುವಾರ್ತೆಗಳಲ್ಲಿ ಈ ಘಟನೆಯ ಸುದ್ದಿಯೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಪೇತ್ರನಿಗೆ ಕಾಣಿಸಿದರು ಅನ್ನೋದಕ್ಕೂ ತನಗೆ ಕಾಣಿಸಿದರು ಅನ್ನೋದಕ್ಕೂ ಪೌಲ ಒಂದೇ ಮಾತು ಬಳಸುತ್ತಾನೆ. ಪೌಲನ ಅನುಭವ ದಮಸ್ಕದ ದಾರಿಯಲ್ಲಿ ಬೆಳಕು, ಧ್ವನಿ ರೂಪದಲ್ಲಿ ಆಗಿದ್ದು ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ ಹೇಳುತ್ತದೆ. ಹಾಗಾದರೆ ಪೇತ್ರ ಕಂಡಿದ್ದೂ ಅಂಥದ್ದೇನಾ? ಪೌಲ ಬಿಡಿಸಿ ಹೇಳುವುದಿಲ್ಲ. ಪಟ್ಟಿಯಲ್ಲಿ ಖಾಲಿ ಸಮಾಧಿಯ ಮಾತೂ ಇಲ್ಲ, ಹೆಂಗಸರ ಹೆಸರೂ ಇಲ್ಲ.

ನಾಲ್ಕು ಸುವಾರ್ತೆ, ನಾಲ್ಕು ಸಾಕ್ಷಿ ಅಲ್ಲ

ಮಾರ್ಕನ ಸುವಾರ್ತೆ ಸುಮಾರು 70ರದು. ಮತ್ತಾಯ, ಲೂಕ ಅದಾದ ಮೇಲೆ. ಯೋಹಾನ ಶತಮಾನದ ಕೊನೆಯದು. ಮತ್ತಾಯನೂ ಲೂಕನೂ ಮಾರ್ಕನನ್ನು ಮುಂದಿಟ್ಟುಕೊಂಡು ಬರೆದಿದ್ದಾರೆ ಅನ್ನೋದು ಹೆಚ್ಚಿನ ವಿದ್ವಾಂಸರ ಮಾತು. ಹಾಗಾಗಿ ನಾಲ್ಕು ಜನ ಬೇರೆ ಬೇರೆಯಾಗಿ ಸಾಕ್ಷಿ ಹೇಳಿದ್ದಾರೆ ಅಂತ ಎಣಿಸುವ ಹಾಗಿಲ್ಲ.

ಸಮಾಧಿ ಹತ್ತಿರ ಹೋದವರು ಯಾರು ಅನ್ನೋದರಲ್ಲೇ ವ್ಯತ್ಯಾಸವಿದೆ. ಮಾರ್ಕನಲ್ಲಿ ಮೂವರು ಹೆಂಗಸರು, ಒಳಗೆ ಒಬ್ಬ ಯುವಕ. ಮತ್ತಾಯನಲ್ಲಿ ಇಬ್ಬರು ಮರಿಯಳು, ಭೂಕಂಪ, ಕಲ್ಲಿನ ಮೇಲೆ ಕೂತ ದೇವದೂತ. ಲೂಕನಲ್ಲಿ ಇಬ್ಬರು ಗಂಡಸರು, ಹೊಳೆಯುವ ಬಟ್ಟೆ. ಯೋಹಾನ ಮಗ್ದಲದ ಮರಿಯಳೊಬ್ಬಳ ಹೆಸರನ್ನೇ ಹೇಳುತ್ತಾನೆ. ಇಷ್ಟಾದರೆ ನೂನಿಜ್–ಫೆರಿಷ್ತಾ ಥರ ಅಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಮತ್ತಾಯನಲ್ಲಿ ಶಿಷ್ಯರು ಯೇಸುವನ್ನು ಕಾಣುವುದು ದೂರದ ಗಲಿಲಾಯದಲ್ಲಿ. ಲೂಕನಲ್ಲಿ ಎಲ್ಲವೂ ಯೆರೂಸಲೇಮಿನ ಸುತ್ತ, ಊರು ಬಿಟ್ಟು ಹೋಗಬೇಡಿ ಎಂಬ ಅಪ್ಪಣೆ ಬೇರೆ. ಇದನ್ನು ಸಣ್ಣ ವ್ಯತ್ಯಾಸ ಅನ್ನೋದು ನನ್ನಿಂದಾಗದು.

ಇಲ್ಲಿ ಬಳ್ಳಾರಿಯ ಒಂದು ಎಳೆ ಸೇರುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆ ಕಾಲದಲ್ಲಿ ಎಲ್ಲರೂ ಓದುತ್ತಿದ್ದ ಮಾರ್ಕನ ಕೊನೆಯಲ್ಲಿ ಎದ್ದು ಬಂದ ಯೇಸು ಮರಿಯಳಿಗೆ, ಶಿಷ್ಯರಿಗೆ ಕಾಣಿಸುತ್ತಾರೆ. ಆಮೇಲೆ, 1844ರಿಂದ 1859ರ ನಡುವೆ, ಸೀನಾಯಿ ಬೆಟ್ಟದ ಮಠದಲ್ಲಿ ನಾಲ್ಕನೇ ಶತಮಾನದ ಹಸ್ತಪ್ರತಿ ಹೊರಬಂತು. ಅದರಲ್ಲಿ ಮಾರ್ಕ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ವ್ಯಾಟಿಕನ್ನಿನ ಅಷ್ಟೇ ಹಳೆಯ ಪ್ರತಿಯಲ್ಲೂ ಹಾಗೇ. ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ, ಮುಗೀತು. ಹೊಸ ಕನ್ನಡ ಬೈಬಲುಗಳಲ್ಲಿ 9ರಿಂದ 20ರ ವಚನಗಳಿಗೆ ಆವರಣ ಚಿಹ್ನೆಯನ್ನೋ ಅಡಿಟಿಪ್ಪಣಿಯನ್ನೋ ಕಂಡಿದ್ದರೆ ಕಾರಣ ಇದೇ. ಅತಿ ಹಳೆಯ ಸುವಾರ್ತೆಯಲ್ಲಿ ಖಾಲಿ ಸಮಾಧಿ ಇದೆ, ಎದ್ದು ಬಂದಿದ್ದಾರೆ ಎಂಬ ಸುದ್ದಿ ಇದೆ, ಕಂಡವರ ಕತೆ ಇಲ್ಲ.

ಇನ್ನೊಂದು ಗಮನಿಸಿ. ಯೇಸು ಸಮಾಧಿಯಿಂದ ಹೊರಬರುವ ಕ್ಷಣವನ್ನು ನಾಲ್ವರಲ್ಲಿ ಒಬ್ಬರೂ ಬಣ್ಣಿಸುವುದಿಲ್ಲ. ಎರಡನೇ ಶತಮಾನದ ಪೇತ್ರನ ಸುವಾರ್ತೆ ಎಂಬ ಬರಹ ಬಣ್ಣಿಸುತ್ತದೆ. ಅದರಲ್ಲಿ ದೇವದೂತರ ತಲೆ ಆಕಾಶ ಮುಟ್ಟುತ್ತದೆ, ಯೇಸುವಿನ ತಲೆ ಆಕಾಶವನ್ನೂ ದಾಟುತ್ತದೆ, ಹಿಂದೆ ಶಿಲುಬೆಯೇ ನಡೆದು ಬಂದು ಮಾತಾಡುತ್ತದೆ! ಕತೆ ಬೆಳೆದರೆ ಹೀಗೆ ಬೆಳೆಯುತ್ತದೆ. ಅದನ್ನು ಓದಿ ಮಾರ್ಕನಿಗೆ ಮರಳಿದರೆ ಆತನ ಬರಹ ಎಷ್ಟು ಸಪ್ಪೆ, ಎಷ್ಟು ಮಿತ ಅನ್ನೋದು ತಿಳಿಯುತ್ತದೆ.

ಸಮಾಧಿ ಖಾಲಿ ಇತ್ತಾ?

ರೋಮನ್ನರು ಶಿಲುಬೆಗೇರಿಸಿದವರನ್ನು ಹದ್ದು, ನಾಯಿಗಳಿಗೆ ಬಿಡುತ್ತಿದ್ದುದೇ ಹೆಚ್ಚು, ಸಮಾಧಿಯೇ ಇರಲಿಲ್ಲ ಅನ್ನುವವರಿದ್ದಾರೆ. ಆದರೆ ಯೆರೂಸಲೇಮಿನ ಬಳಿ 1968ರಲ್ಲಿ ಯೆಹೋಹಾನಾನ್ ಎಂಬವನ ಮೂಳೆಪೆಟ್ಟಿಗೆ ಸಿಕ್ಕಿತು. ಹಿಮ್ಮಡಿ ಮೂಳೆಯಲ್ಲಿ ಮೊಳೆ ಇನ್ನೂ ಹಾಗೇ ಇತ್ತು. ಶಿಲುಬೆಗೇರಿದವನಿಗೂ ಮನೆತನದ ಸಮಾಧಿ ಸಿಗುತ್ತಿತ್ತು ಅಂತಾಯಿತು. ಸೂರ್ಯ ಮುಳುಗುವ ಮೊದಲು ಅಂಥವರನ್ನು ಇಳಿಸಿ ಹೂಳುವುದು ಯಹೂದಿಗಳ ಪದ್ಧತಿ ಅಂತ ಜೋಸೆಫಸ್ ಬರೆದಿದ್ದಾನೆ. ಹೂಳಿದ್ದು ಸಾಧ್ಯ, ಇಷ್ಟು ಹೇಳಬಹುದು.

ಕ್ರೈಸ್ತರ ಮೆಚ್ಚಿನ ವಾದ ಹೆಂಗಸರದ್ದು. ಆ ಕಾಲದಲ್ಲಿ ಹೆಣ್ಣಿನ ಸಾಕ್ಷಿಗೆ ಬೆಲೆ ಕಡಿಮೆ, ಜೋಸೆಫಸ್ಸೇ ಹಾಗೆ ಬರೆಯುತ್ತಾನೆ. ಎರಡನೇ ಶತಮಾನದ ಕೊನೆಯಲ್ಲಿ ಸೆಲ್ಸಸ್ ಎಂಬ ಗ್ರೀಕ್ ಟೀಕಾಕಾರ, ಇದನ್ನೆಲ್ಲ ನೋಡಿದ್ದು ಒಬ್ಬಳು ಬುದ್ಧಿ ಕೆಟ್ಟ ಹೆಂಗಸು ಅಂತ ನಕ್ಕಿದ್ದ. ಕತೆ ಕಟ್ಟುವವರು ಪೇತ್ರನನ್ನೇ ಮೊದಲು ಕಳಿಸುತ್ತಿದ್ದರು, ಮರಿಯಳನ್ನು ಯಾಕೆ ಕಳಿಸಿದರು? ಒಳ್ಳೆಯ ಪ್ರಶ್ನೆ. ಆದರೆ ಶವಕ್ಕೆ ಸುಗಂಧ ಹಚ್ಚಲು ಹೆಂಗಸರು ಹೋಗುವುದು ಸಹಜ, ಶಿಷ್ಯರು ಆಗಲೇ ಓಡಿಹೋಗಿದ್ದರು, ಕತೆಗಾರನ ಕೈಯಲ್ಲಿ ಉಳಿದವರು ಅವರೇ ಅನ್ನೋ ಉತ್ತರವೂ ಇದೆ. ನನಗೆ ಈ ವಾದದಲ್ಲಿ ತಕ್ಕಮಟ್ಟಿಗೆ ಬಲ ಕಾಣುತ್ತದೆ, ಪೌಲನ ಪಟ್ಟಿಯಷ್ಟಲ್ಲ.

ಶಿಷ್ಯರೇ ಶವ ಕದ್ದರು ಎಂಬ ಮಾತು ಆಗಲೇ ಹಬ್ಬಿತ್ತು. ಮತ್ತಾಯನೇ ಅದನ್ನು ಹೇಳಿ, ಕಾವಲುಗಾರರ ಕತೆಯಿಂದ ಉತ್ತರ ಕೊಡುತ್ತಾನೆ. ಹದಿನೆಂಟನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ರೈಮಾರಸ್ ಅದನ್ನೇ ಮತ್ತೆ ಎತ್ತಿದ. ತೊಂದರೆ ಎಂದರೆ, ಮೋಸ ಮಾಡಿದವರು ಆ ಮೋಸಕ್ಕಾಗಿ ಸಾಯಲು ಸಿದ್ಧರಾಗುವುದು ಅಪರೂಪ. ಇಲ್ಲೂ ಹಿಡಿತ ಬೇಕು. ಹನ್ನೆರಡು ಜನರಲ್ಲಿ ಹೆಚ್ಚುಪಾಲು ಹುತಾತ್ಮರಾದರು ಅನ್ನೋದು ಬಹಳ ಮಟ್ಟಿಗೆ ನಂತರದ ಕತೆಗಳು. ಆ ಹನ್ನೆರಡರಲ್ಲಿ ಒಬ್ಬನಾದ ತೋಮನು 52ರಲ್ಲಿ ಕೇರಳಕ್ಕೆ ಬಂದು ಮೈಲಾಪುರದಲ್ಲಿ ಸತ್ತ ಅನ್ನೋದೂ ಸಂಪ್ರದಾಯದ ಮಾತೇ. ಹಳೆಯ ಆಧಾರ ಇರುವುದು ಕೆಲವರಿಗೆ ಮಾತ್ರ: ಜೆಬೆದಾಯನ ಮಗ ಯಾಕೋಬ, ಪೇತ್ರ, ಪೌಲ, ಮತ್ತು 62ರಲ್ಲಿ ಕೊಲೆಯಾದ ಯೇಸುವಿನ ತಮ್ಮ ಯಾಕೋಬ. ಇದರಿಂದ ಸಾಬೀತಾಗುವುದು ಅವರ ಪ್ರಾಮಾಣಿಕತೆ. ಅವರು ನಂಬಿದ್ದು ನಿಜವೇ ಆಗಬೇಕಿಲ್ಲ.

ಯೇಸು ಸತ್ತಿರಲೇ ಇಲ್ಲ, ಮೂರ್ಛೆ ಹೋಗಿದ್ದರು ಅನ್ನೋದನ್ನು ಬೇಗ ಮುಗಿಸಬಹುದು. ಜೋಸೆಫಸ್ ತನ್ನ ಪರಿಚಯದ ಮೂವರನ್ನು ಶಿಲುಬೆಯಿಂದ ಇಳಿಸಿ, ವೈದ್ಯರಿಂದ ಆರೈಕೆ ಮಾಡಿಸಿದ. ಇಬ್ಬರು ಸತ್ತರು. ಆರೈಕೆಯೇ ಇಲ್ಲದೆ ಬದುಕಿ, ಮೂರನೇ ದಿನ ಸಾವನ್ನು ಗೆದ್ದವನ ಹಾಗೆ ಕಾಣಿಸಿಕೊಳ್ಳುವುದು ಆಗದ ಮಾತು.

ಉಳಿಯುವುದು ದರ್ಶನದ ವಾದ, ನಂಬದವರ ಬಲವಾದ ವಾದ ಇದೇ. ತೀರಿಹೋದವರು ಕಣ್ಣಿಗೆ ಕಾಣಿಸುವುದು, ಧ್ವನಿ ಕೇಳಿಸುವುದು ಹುಚ್ಚರಿಗೆ ಮಾತ್ರ ಆಗುವಂಥದ್ದಲ್ಲ. ವೇಲ್ಸಿನ ವೈದ್ಯ ಡ್ಯೂಯಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ, ಸತ್ತವರು ಜೊತೆಗೇ ಇದ್ದಾರೆ ಎಂಬಂಥ ಅನುಭವ ಯಾವುದೋ ರೀತಿಯಲ್ಲಿ ಆಗಿತ್ತು. ಪೇತ್ರನ ದುಃಖಕ್ಕೆ, ಗುರುವನ್ನು ಅರಿಯೆ ಎಂದ ಪಶ್ಚಾತ್ತಾಪಕ್ಕೆ ಇದು ಹೊಂದುತ್ತದೆ. ಪೌಲನಿಗೆ ಹೊಂದುವುದಿಲ್ಲ, ಆತ ದುಃಖಪಡುತ್ತಿರಲಿಲ್ಲ. ಗುಂಪಿಗೆ ಒಟ್ಟಿಗೇ ಕಂಡಿದ್ದಕ್ಕೂ ಕಷ್ಟಪಟ್ಟು ಹೊಂದಿಸಬೇಕು. ಅದಕ್ಕಿಂತ ಹೆಚ್ಚಾಗಿ, ಇಂಥ ಅನುಭವ ಆದವರು ನಮ್ಮವರು ನೆಮ್ಮದಿಯಾಗಿದ್ದಾರೆ ಅನ್ನುತ್ತಾರೆ. ಸಮಾಧಿ ಬಿಟ್ಟು ಎದ್ದು ಬಂದಿದ್ದಾರೆ ಅನ್ನುವುದಿಲ್ಲ.

ಸಾಕ್ಷಿಗೂ ಮೊದಲೇ ನಮ್ಮ ತಲೆಯಲ್ಲಿ ಇರುವುದು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರೆ ಅಂತ ಸಿಂಧನೂರಿನ ರೈತನಿಗೆ ಪಕ್ಕದ ಹೊಲದವನು ಹೇಳಿದರೆ ಸಾಕು, ಆತ ಸಲಿಕೆ ಹಿಡಿದು ಹೊರಡುತ್ತಾನೆ. ಕಾಲುವೆ ನೀರು ಸಿಂಧನೂರಿನಿಂದ ಮುನಿರಾಬಾದಿನ ಡ್ಯಾಮಿಗೆ ವಾಪಸ್ ಹರಿಯಿತು ಅಂತ ಹತ್ತು ಜನ ಬಂದು ಹೇಳಲಿ, ಆತ ಅಲ್ಲಾಡುವುದಿಲ್ಲ. ಸಾಕ್ಷಿ ಹತ್ತು ಪಟ್ಟು, ನಂಬಿಕೆ ಸೊನ್ನೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಹೇಳಿದ್ದರ ಸಾರ ಇದೇ. ಪ್ರಕೃತಿಯ ನಿಯಮ ಮುರಿಯಿತು ಅನ್ನೋದಕ್ಕಿಂತ ಹೇಳಿದವರು ಎಡವಿದ್ದಾರೆ ಅನ್ನೋದೇ ಯಾವಾಗಲೂ ಹೆಚ್ಚು ಸಂಭವ.

ಕ್ರೈಸ್ತರ ಉತ್ತರವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ನೀರು ತಾನಾಗಿ ಮೇಲೆ ಹರಿಯದು, ಒಪ್ಪಿದೆವು. ಯಾರೋ ಮೋಟರ್ ಕೂರಿಸಿದ್ದರೆ? ಸತ್ತವನು ತಾನಾಗಿ ಎದ್ದ ಅಂತ ನಾವು ಹೇಳುತ್ತಿಲ್ಲ, ದೇವರು ಎಬ್ಬಿಸಿದ ಅನ್ನುತ್ತಿದ್ದೇವೆ. ದೇವರಿದ್ದಾನೆ ಎಂದು ಮೊದಲೇ ಒಪ್ಪಿದವನಿಗೆ ಪೌಲನ ಪಟ್ಟಿ ಸಾಕಾಗಬಹುದು. ಒಪ್ಪದವನಿಗೆ ಅಂಥ ಹತ್ತು ಪಟ್ಟಿಯೂ ಸಾಲದು. ಒಂದೇ ಕಾಗದ, ಓದಿದ ಇಬ್ಬರೂ ದಡ್ಡರಲ್ಲ.

ನಮ್ಮ ಭಾಗದ ಓದುಗರಿಗೆ ಇಷ್ಟು ಹೊತ್ತಿಗೆ ಮಂತ್ರಾಲಯ ನೆನಪಾಗಿರಬೇಕು. ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಳ್ಳಾರಿಯೂ ಸೇರಿದ್ದ ದತ್ತ ಮಂಡಲದ ಕಲೆಕ್ಟರ್. ಮಠದ ಇನಾಮು ಭೂಮಿಯ ವಿಚಾರಕ್ಕೆ ಬಂದ ಮನ್ರೋಗೆ ರಾಯರು ಕಾಣಿಸಿ ಮಾತಾಡಿದರು, ಸುತ್ತ ಇದ್ದವರಿಗೆ ಏನೂ ಕಾಣಲಿಲ್ಲ ಅಂತ ಭಕ್ತರು ಹೇಳುತ್ತಾರೆ. ಬೇರೆ ಧರ್ಮದವನು, ಲೆಕ್ಕಪತ್ರದ ಅಧಿಕಾರಿ, ಸುಳ್ಳು ಹೇಳಿ ಲಾಭವಿಲ್ಲದವನು. ಪೌಲನ ಬಗ್ಗೆ ಕ್ರೈಸ್ತರು ಆಡುವ ಮಾತೂ ಹೆಚ್ಚುಕಡಿಮೆ ಇದೇ. ಮನ್ರೋ ಕತೆಯಲ್ಲಿ ಇತಿಹಾಸಕಾರ ಮೊದಲು ಕೇಳುವುದು, ಮನ್ರೋ ಕೈಯಾರೆ ಬರೆದ ಸಾಲು ಯಾವುದು ಅಂತ. ಪೌಲನಲ್ಲಿ ಆ ಸಾಲು ಇದೆ, ಅಲ್ಲಿ ಪೌಲನದು ಮೇಲುಗೈ. ಆದರೆ ಎರಡು ಕಡೆಯೂ ಇದು ಒಬ್ಬನಿಗೆ ಕಂಡು ಜೊತೆಯವರಿಗೆ ಕಾಣದ ದರ್ಶನ. ಒಂದನ್ನು ಒಪ್ಪಿ ಇನ್ನೊಂದನ್ನು ನಕ್ಕು ಬಿಡುವವರು, ಯಾವ ಧರ್ಮದವರೇ ಆಗಲಿ, ಕಾರಣ ಕೊಡಬೇಕು.

ಮುಂದೆ ಹೊಸ ಸಾಕ್ಷಿ ಸಿಕ್ಕರೆ? ಆಗಾಗ ಸುದ್ದಿ ಬರುತ್ತಲೇ ಇರುತ್ತದೆ. ಯೇಸುವಿನ ಶವಕ್ಕೆ ಸುತ್ತಿದ್ದು ಅಂತ ಹಲವರು ನಂಬುವ ಟ್ಯೂರಿನ್ನಿನ ಶವವಸ್ತ್ರವನ್ನು 1988ರಲ್ಲಿ ಕಾರ್ಬನ್ ಪರೀಕ್ಷೆ ಮಾಡಿದಾಗ 1260ರಿಂದ 1390ರ ನಡುವಿನದು ಅಂತ ಬಂತು. 1980ರಲ್ಲಿ ಯೆರೂಸಲೇಮಿನ ತಲ್ಪಿಯೋತ್ ಎಂಬಲ್ಲಿ ಯೋಸೇಫನ ಮಗ ಯೇಸು ಎಂದು ಓದಲಾದ ಮೂಳೆಪೆಟ್ಟಿಗೆ ಸಿಕ್ಕಿತು. ಆದರೆ ಆ ಎರಡೂ ಹೆಸರು ಅಲ್ಲಿ ಆಗ ನಮ್ಮ ಕಡೆಯ ಬಸವರಾಜ, ಶರಣಪ್ಪನಷ್ಟೇ ಮಾಮೂಲಿ. ನಾಳೆ ಆ 500 ಜನರಲ್ಲಿ ಒಬ್ಬ ಬರೆದ ಕಾಗದವೇ ಸಿಕ್ಕಿತು ಅಂದುಕೊಳ್ಳಿ. ಊರು ಗೊತ್ತಾಗುತ್ತದೆ, ಹೆಸರು ಗೊತ್ತಾಗುತ್ತದೆ, ಗುಂಪಿಗೆ ಒಟ್ಟಿಗೇ ಕಂಡಿದ್ದು ಹೌದಾ ಅಲ್ವಾ ಅನ್ನೋದು ಈಗಿನದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಕಂಡಿದ್ದು ಎದ್ದು ಬಂದ ಯೇಸುವನ್ನೇನಾ ಅನ್ನೋದನ್ನು ಆ ಕಾಗದವೂ ಹೇಳಲಾರದು.